ನೈರುತ್ಯವೆಲ್ಲ ಭಾರ, ಉತ್ತರವೆಲ್ಲ ಬರಿದು: ವಾಸ್ತು ಬಿಡದೆ ಹಜಾರಕ್ಕೆ ಸಮತೋಲ ತರುವುದು ಹೇಗೆ?

ಹೊಸಮನೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಶಾಮನೂರು ರಸ್ತೆಯ ಕಡೆ 30×40 ಅಡಿ ನಿವೇಶನದಲ್ಲಿ ಕಟ್ಟಿಸಿದ ನಮ್ಮ ಪೂರ್ವಾಭಿಮುಖ ಮನೆಯ ಗೃಹಪ್ರವೇಶ ಮುಗಿದು, ಸಾಮಾನುಗಳೆಲ್ಲ ತಮ್ಮ ತಮ್ಮ ಜಾಗ ಸೇರಿವೆ. ಆದರೆ ಹೊರಗಿನಿಂದ ಬಂದು ಹಜಾರಕ್ಕೆ ಕಾಲಿಟ್ಟಾಗಲೆಲ್ಲ ಎಡಗಡೆ ತುಂಬಿ ತುಳುಕುತ್ತಿರುವಂತೆಯೂ ಬಲಗಡೆ ಇನ್ನೂ ಕೆಲಸ ಮುಗಿಯದಂತೆಯೂ ಕಾಣುತ್ತದೆ.

ಹಜಾರ ಉತ್ತರ–ದಕ್ಷಿಣವಾಗಿ 18 ಅಡಿ, ಪೂರ್ವ–ಪಶ್ಚಿಮವಾಗಿ 12 ಅಡಿ ಇದ್ದು, ಚಾವಣಿ 10 ಅಡಿ ಎತ್ತರದಲ್ಲಿದೆ. ಪೂರ್ವದ ಗೋಡೆಯಲ್ಲಿ ಉತ್ತರದ ತುದಿಗೆ ತೇಗದ ಹೆಬ್ಬಾಗಿಲು, ಅದೇ ಗೋಡೆಯ ದಕ್ಷಿಣ ಭಾಗದಲ್ಲಿ 55 ಇಂಚಿನ ಟಿವಿ. ಎದುರಿನ ಪಶ್ಚಿಮ ಗೋಡೆಗೆ ಕಡುಕಂದು ಬಣ್ಣದ ಮೂರು ಆಸನದ ಸೋಫಾ, ದಕ್ಷಿಣದ ಗೋಡೆಗೆ ಅದರ ಜೊತೆಯ ಎರಡು ಒಂಟಿ ಸೋಫಾ, ಇವೆರಡರ ನಡುವಿನ ನೈರುತ್ಯ ಮೂಲೆಯಲ್ಲಿ ನಮ್ಮ ಮಾವನವರ ತಂದೆಯ ಕಾಲದ ಆರೂವರೆ ಅಡಿ ಎತ್ತರದ ತೇಗದ ಬೀರು. ಉತ್ತರದ ಗೋಡೆಯಲ್ಲಿ 4×4 ಅಡಿಯ ಒಂದು ಕಿಟಕಿಯ ಹೊರತು ಬೇರೇನೂ ಇಲ್ಲ. ಪಶ್ಚಿಮ ಗೋಡೆಯ ಉತ್ತರ ಭಾಗದಲ್ಲಿ ಊಟದ ಕೋಣೆಗೆ ಹೋಗುವ ದಾರಿಯಿದೆ. ದಾರಿಗೂ ಮೂಲೆಗೂ ನಡುವೆ ಎರಡೂವರೆ ಅಡಿ ಗೋಡೆ ಉಳಿದಿದೆ.

ನೈರುತ್ಯ ಭಾರವಾಗಿರಬೇಕು, ಈಶಾನ್ಯ ಹಗುರವಾಗಿರಬೇಕು ಎಂಬುದು ಮಾವನವರ ಖಚಿತವಾದ ಮಾತು. ಅದನ್ನು ಮೀರಲು ನನಗೂ ಇಷ್ಟವಿಲ್ಲ. ವಿನ್ಯಾಸಕರೊಬ್ಬರನ್ನು ಕೇಳಿದ್ದಕ್ಕೆ, ಇನ್ನೊಂದು ಜೊತೆ ಸೋಫಾ ತಂದು ಉತ್ತರಕ್ಕೆ ಹಾಕಿಸಿ, ಎರಡೂ ಬದಿಯನ್ನು ಒಂದೇ ರೀತಿ ಮಾಡಿದರೆ ಸರಿಹೋಗುತ್ತದೆ ಎಂದರು. ಅಷ್ಟು ಖರ್ಚಿಲ್ಲದೆ, ಮಾವನವರ ಮನಸ್ಸಿಗೂ ನೋವಾಗದಂತೆ ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

---

ಗೆರೆಬಣ್ಣ (ಚಿತ್ರಕಲಾ ಶಿಕ್ಷಕ, ದಾವಣಗೆರೆ):

ಮೇಡಂ, ನಿಮ್ಮ ಮಾವನವರ ಮಾತಿಗೂ ನಿಮ್ಮ ಕಣ್ಣಿನ ದೂರಿಗೂ ನಿಜವಾಗಿ ಜಗಳವೇ ಇಲ್ಲ. ಅವರು ಹೇಳುತ್ತಿರುವುದು ನೆಲದ ಮೇಲೆ ಬೀಳುವ ಭಾರವನ್ನು. ನಿಮ್ಮನ್ನು ಕಾಡುತ್ತಿರುವುದು ಕಣ್ಣಿನ ಮೇಲೆ ಬೀಳುವ ಭಾರ. ಇವೆರಡೂ ಒಂದೇ ಎಂದು ಭಾವಿಸಿದ್ದರಿಂದಲೇ ಆ ವಿನ್ಯಾಸಕರು ಉತ್ತರಕ್ಕೂ ಸೋಫಾ ತನ್ನಿ ಎಂದಿದ್ದಾರೆ. ಗೋಡೆಯ ಬಣ್ಣವನ್ನೇ ಬಳಿದ ದೊಡ್ಡ ಬೀರುವನ್ನು ಕಣ್ಣು ಗಮನಿಸದೆ ದಾಟಿಹೋಗುತ್ತದೆ. ಎರಡು ಕಿಲೋ ತೂಗದ ಕಡುಗೆಂಪು ಪರದೆಯೊಂದು ಬಿಳಿಯ ಗೋಡೆಯ ಮೇಲೆ ಇಳಿಬಿದ್ದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಈಶಾನ್ಯಕ್ಕೆ ಮಣಭಾರ ಹೊರಿಸದೆಯೇ ಉತ್ತರದ ಬದಿಯನ್ನು ಕಣ್ಣಿಗೆ ತೂಕವುಳ್ಳದ್ದಾಗಿ ಮಾಡಬಹುದು.

ಕಣ್ಣಿಗೆ ಭಾರವಾಗಿ ಕಾಣುವುದು ಯಾವುದು ಎಂದರೆ, ಮೊದಲನೆಯದು ಹಿನ್ನೆಲೆಗಿಂತ ಬಹಳ ಗಾಢವಾದದ್ದು. ತಿಳಿ ಗೋಡೆಯ ಮುಂದಿನ ಕಡುಕಂದು ಸೋಫಾ ಭಾರ. ಅದೇ ಸೋಫಾವನ್ನು ಕಡುಕಂದು ಗೋಡೆಯ ಮುಂದಿಟ್ಟರೆ ಅದರ ಭಾರ ಅರ್ಧಕ್ಕಿಳಿಯುತ್ತದೆ. ಆಮೇಲೆ ಗಾತ್ರ. ಒರಟು ಮೈಯ ವಸ್ತು ನಯವಾದುದಕ್ಕಿಂತ ಭಾರ, ಒತ್ತಾದ ಕುಸುರಿಯಿರುವುದು ಬರಿದಾದುದಕ್ಕಿಂತ ಭಾರ, ಮಂಕು ಬಣ್ಣಕ್ಕಿಂತ ಕುಂಕುಮ, ಅರಿಸಿನದಂಥ ತೀಕ್ಷ್ಣ ಬಣ್ಣ ಭಾರ. ಕಾಲುಗಳ ಮೇಲೆ ನಿಂತು ಕೆಳಗೆ ನೆಲ ಕಾಣುವ ಪೀಠೋಪಕರಣ ಹಗುರ, ನೆಲಕ್ಕೆ ಮೈ ಊರಿ ಕೂತಿರುವುದು ಭಾರ. ನಿಮ್ಮ ಎಡಬದಿಯಲ್ಲಿ ಗಾಢ ಬಣ್ಣ, ದೊಡ್ಡ ಗಾತ್ರ, ಎತ್ತರ ಎಲ್ಲವೂ ಒಟ್ಟಿಗೆ ಸೇರಿಕೊಂಡಿವೆ, ಬಲಬದಿಗೆ ಒಂದೂ ಬಂದಿಲ್ಲ.

ಎರಡೂ ಬದಿ ಒಂದೇ ರೀತಿ ಇರಬೇಕೆಂಬುದು ಸಮತೋಲದ ಒಂದು ಬಗೆ ಮಾತ್ರ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು ನೀವು ನೋಡಿರಬಹುದು: ನಡುವೆ ಮಂಟಪ, ಸುತ್ತಲೂ ಇಳಿದು ಬರುವ ಮೆಟ್ಟಿಲುಗಳು. ಎಲ್ಲಿ ನಿಂತರೂ ಒಂದು ಬದಿ ಇನ್ನೊಂದನ್ನು ಹೋಲುತ್ತದೆ. ಅಂಥ ರಚನೆಗೆ ಸರಿಯಾದ ನಡುಗೆರೆ ಬೇಕು. ಬಾಗಿಲು ಒಂದು ತುದಿಯಲ್ಲಿರುವ ನಿಮ್ಮ ಹಜಾರದಲ್ಲಿ ಅಂಥ ನಡುಗೆರೆಯೇ ಇಲ್ಲ. ಇಲ್ಲದ್ದನ್ನು ಬಲವಂತವಾಗಿ ತಂದರೆ ಮನೆ ಛತ್ರದ ಸ್ವಾಗತ ಕೊಠಡಿಯಂತಾಗುತ್ತದೆ.

ನಿಮಗೆ ಬೇಕಾದದ್ದು ಎರಡನೆಯ ಬಗೆ. ಅದರ ಅತ್ಯುತ್ತಮ ಪಾಠ ನಮ್ಮ ಪಕ್ಕದ ಹರಿಹರದಲ್ಲಿಯೇ ಇದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಎರಡು ಅರ್ಧಗಳ ಲಾಂಛನಗಳು ಬೇರೆ ಬೇರೆ. ಆದರೂ ಮೂರ್ತಿ ಯಾವ ಕಡೆಗೂ ವಾಲಿದಂತೆ ಕಾಣುವುದಿಲ್ಲ, ಏಕೆಂದರೆ ಎರಡೂ ಬದಿಯಲ್ಲಿ ಕಣ್ಣು ಹಿಡಿಯುವ ಅಂಶಗಳು ಸರಿಸುಮಾರು ಒಂದೇ ಎತ್ತರದಲ್ಲಿ, ಒಂದೇ ಪ್ರಮಾಣದಲ್ಲಿ ಇವೆ. ಬೇರೆ ವಸ್ತು, ಸಮನಾದ ಸೆಳೆತ. ನಿಮ್ಮ ಬೀರುವಿಗೆ ಎದುರಾಗಿ ಇನ್ನೊಂದು ಬೀರು ಬೇಡ, ಬೀರುವಿನಷ್ಟು ಎತ್ತರದಲ್ಲಿ ಕಣ್ಣನ್ನು ಹಿಡಿಯುವ ಯಾವುದಾದರೊಂದು ಸಾಕು.

ಆ ವಸ್ತು ಬೀರುವಿನಷ್ಟು ದೊಡ್ಡದಾಗಿರಬೇಕಿಲ್ಲ. ನಮ್ಮೂರ ದಲ್ಲಾಲಿ ಅಂಗಡಿಗಳಲ್ಲಿ ಮೆಕ್ಕೆಜೋಳದ ಚೀಲ ತೂಗುತ್ತಿದ್ದ ಹಳೆಯ ಕಾಟಾದಲ್ಲಿ, ಅಷ್ಟು ದೊಡ್ಡ ಚೀಲಕ್ಕೆ ಕೋಲಿನ ಮೇಲೆ ಜಾರುವ ಒಂದು ಸಣ್ಣ ಗುಂಡು ಸರಿತೂಗುತ್ತಿತ್ತಲ್ಲವೆ? ಗುಂಡು ತಿರುಗುಗೂಟದಿಂದ ದೂರ ಹೋದಷ್ಟೂ ಅದರ ಬಲ ಹೆಚ್ಚು. ಕೋಣೆಯಲ್ಲಿಯೂ ಹಾಗೆಯೇ. ಉತ್ತರದ ಗೋಡೆ ಹಜಾರದ ನಡುವಿನಿಂದ 9 ಅಡಿ ದೂರದಲ್ಲಿದೆ. ಅಲ್ಲಿಡುವ ಸಣ್ಣ ಗಾಢ ವಸ್ತುವೂ ನಡುವಿನಲ್ಲಿಟ್ಟ ದೊಡ್ಡದರ ಕೆಲಸ ಮಾಡುತ್ತದೆ. ಜೊತೆಗೆ ಮೂರು ಆಸನದ ಸೋಫಾವನ್ನು ಪಶ್ಚಿಮ ಗೋಡೆಯಲ್ಲಿಯೇ ಒಂದೂವರೆ ಅಡಿಯಷ್ಟು ಉತ್ತರಕ್ಕೆ ಸರಿಸಿ ನೋಡಿ. ಅದು ನಡುವಿಗೆ ಹತ್ತಿರವಾಗಿ ಎಡಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ, ಬೀರುವಿಗೂ ಉಸಿರಾಡಲು ಜಾಗ ಸಿಗುತ್ತದೆ, ನೈರುತ್ಯದ ಭಾರ ನೈರುತ್ಯದಲ್ಲಿಯೇ ಉಳಿಯುತ್ತದೆ.

ಎಲ್ಲಿಂದ ನೋಡುತ್ತೇವೆ ಎಂಬುದೂ ಮುಖ್ಯ. ನೀವು ಹೇಳಿದ್ದು ಬಾಗಿಲಲ್ಲಿ ನಿಂತ ನೋಟ. ಸೋಫಾದಲ್ಲಿ ಕುಳಿತು ಪೂರ್ವಕ್ಕೆ ನೋಡಿದರೆ ಬಲಕ್ಕೆ ಟಿವಿಯ ಕಪ್ಪು ಚೌಕ, ಎಡಕ್ಕೆ ಹೆಬ್ಬಾಗಿಲಿನ ತೇಗ. ಅವೆರಡೂ ಒಂದಕ್ಕೊಂದು ಆಗಲೇ ಸರಿತೂಗುತ್ತಿರಬೇಕು. ಹಾಗಾದರೆ ಆ ಗೋಡೆಯನ್ನು ಮುಟ್ಟಲೇಬೇಡಿ.

ಖರ್ಚು ಮಾಡುವ ಮೊದಲು ಮೊಬೈಲಿನಲ್ಲಿ ಬಾಗಿಲಿನಿಂದ ಒಂದು ಫೋಟೋ ತೆಗೆದು, ಅದನ್ನು ಕಪ್ಪು–ಬಿಳುಪಿಗೆ ಬದಲಿಸಿ ನೋಡಿ. ಬಣ್ಣ ಹೋದ ಮೇಲೆ ಗಾಢ ಎಲ್ಲಿದೆ, ತಿಳಿ ಎಲ್ಲಿದೆ ಎಂಬುದಷ್ಟೇ ಉಳಿಯುತ್ತದೆ. ಅನಂತರ ಅದೇ ಫೋಟೋವನ್ನು ಎಡ–ಬಲ ತಿರುಗಿಸಿ. ಚಿತ್ರಗಾರರು ತಮ್ಮ ಚಿತ್ರವನ್ನು ಕನ್ನಡಿಯಲ್ಲಿ ನೋಡುವುದು ಇದೇ ಕಾರಣಕ್ಕೆ: ರೂಢಿಯಾದ ಕಣ್ಣು ಮರೆಸಿದ ಓರೆಯನ್ನು ತಿರುವು ತೋರಿಸಿಕೊಡುತ್ತದೆ.

---

ತೇಗ_ಮತ್ತಿ (ಮರಗೆಲಸ ಮತ್ತು ಒಳಾಂಗಣ, ಚಿತ್ರದುರ್ಗ):

ಗುರುಗಳ ವಿವರಣೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕೆಲಸದ ಅಳತೆಗಳನ್ನು ಸೇರಿಸುತ್ತೇನೆ.

ಉತ್ತರದ ಕಿಟಕಿಯಿಂದ ಶುರು ಮಾಡಿ. ಹೆಚ್ಚಿನವರು ಪರದೆಯ ರಾಡನ್ನು ಕಿಟಕಿಯ ಚೌಕಟ್ಟಿಗೆ ಅಂಟಿಸಿದಂತೆ ಹಾಕಿಸಿ, ಬಟ್ಟೆಯನ್ನು ಕಿಟಕಿಯ ಕೆಳಗಂಚಿಗೇ ನಿಲ್ಲಿಸುತ್ತಾರೆ. ಆಗ 12 ಅಡಿಯ ಗೋಡೆಯ ನಡುವೆ ಒಂದು ಸಣ್ಣ ಚೌಕ ಮಾತ್ರ ಉಳಿಯುತ್ತದೆ. ಬದಲಾಗಿ ರಾಡನ್ನು ಚಾವಣಿಗಿಂತ ಆರು ಇಂಚು ಕೆಳಗೆ, ಕಿಟಕಿಯ ಎರಡೂ ಪಕ್ಕಕ್ಕೆ ಒಂದೊಂದು ಅಡಿ ಚಾಚುವಂತೆ ಹಾಕಿಸಿ, ಪರದೆಯನ್ನು ನೆಲಕ್ಕೆ ಅರ್ಧ ಇಂಚು ಬಿಟ್ಟು ಇಳಿಸಿದರೆ, 6 ಅಡಿ ಅಗಲದ, ಒಂಬತ್ತೂವರೆ ಅಡಿ ಎತ್ತರದ ಗಾಢ ಬಣ್ಣದ ಒಂದು ರೂಪ ಸಿಗುತ್ತದೆ. ಎತ್ತರದಲ್ಲಿ ಅದು ನಿಮ್ಮ ಬೀರುವನ್ನೂ ಮೀರುತ್ತದೆ. ಬಟ್ಟೆಯ ಒಟ್ಟು ಅಗಲ ರಾಡಿನ ಉದ್ದದ ಎರಡರಿಂದ ಎರಡೂವರೆ ಪಟ್ಟು ಇರಲಿ. ಅದಕ್ಕಿಂತ ಕಡಿಮೆಯಾದರೆ ನೆರಿಗೆ ಬೀಳದೆ ಹಾಳೆ ನೇತುಹಾಕಿದಂತೆ ಕಾಣುತ್ತದೆ. ನಮ್ಮ ಕಡೆಯ ಧೂಳಿಗೆ ಒಗೆಯಲು ಬರುವ ದಪ್ಪ ಹತ್ತಿಬಟ್ಟೆಯೇ ಲೇಸು. ಪರದೆಯ ಬಣ್ಣದ ಒಂದೆರಡು ದಿಂಬುಗಳನ್ನು ಕಂದು ಸೋಫಾದ ಮೇಲೂ ಇಡಿ. ಒಂದು ಬದಿಯ ಬಣ್ಣ ಇನ್ನೊಂದು ಬದಿಯಲ್ಲಿ ಮತ್ತೆ ಕಂಡಾಗ ಎರಡೂ ಒಂದೇ ಕೋಣೆಯವು ಎನ್ನಿಸುತ್ತದೆ.

60-30-10 ಎಂಬ ಬಣ್ಣದ ಲೆಕ್ಕವನ್ನು ಈಗ ಎಲ್ಲರೂ ಹೇಳುತ್ತಾರೆ: ಮುಖ್ಯ ಬಣ್ಣ ನೂರಕ್ಕೆ ಅರವತ್ತು, ಜೊತೆಯದು ಮೂವತ್ತು, ಎದ್ದು ಕಾಣುವುದು ಹತ್ತು. ತಪ್ಪಲ್ಲ, ಆದರೆ ಅದು ಎಷ್ಟು ಎಂದು ಹೇಳುತ್ತದೆಯೇ ಹೊರತು ಎಲ್ಲಿ ಎಂದು ಹೇಳುವುದಿಲ್ಲ. ಆ ಮೂವತ್ತು, ಹತ್ತು ಎರಡೂ ಒಂದೇ ಮೂಲೆಯಲ್ಲಿ ಕುಳಿತರೆ ನಿಮ್ಮ ಹಜಾರವೇ ಆಗುತ್ತದೆ.

ಕಿಟಕಿಗೂ ವಾಯವ್ಯ ಮೂಲೆಗೂ ನಡುವೆ ಗೋಡೆ ಬರಿದಾಗಿ ಉಳಿಯುತ್ತದೆ. ಅಲ್ಲಿಗೆ ನನ್ನ ಸಲಹೆ ಚಳ್ಳಕೆರೆ ಕಡೆಯ ಕೈಮಗ್ಗದ ಕರಿ ಕಂಬಳಿ. ಒರಟು ಮೈ, ಗಾಢ ಬಣ್ಣ, ಅಂಚಿನಲ್ಲಿ ಸಣ್ಣ ಗೆರೆ. ಗುರುಗಳು ಹೇಳಿದ ಗುಣಗಳಲ್ಲಿ ಹೆಚ್ಚಿನವು ಇದೊಂದರಲ್ಲೇ ಇವೆ. ಎರಡು ಅಡಿ ಅಗಲಕ್ಕೆ ಮಡಿಸಿ ಮರದ ಪಟ್ಟಿಯಿಂದ ಇಳಿಬಿಡಬಹುದು. ಅದನ್ನು ನೆಲಕ್ಕೆ ಮಾತ್ರ ಹಾಸಬೇಡಿ. ಕಂಬಳಿಯನ್ನು ಗದ್ದುಗೆಗೆ ಹಾಸುವ ಮನೆತನಗಳ ಹಿರಿಯರಿಗೆ ಅದರ ಮೇಲೆ ಚಪ್ಪಲಿ ಕಾಲು ಬಿದ್ದರೆ ಸರಿಬರುವುದಿಲ್ಲ. ಜೊತೆಗೆ ನುಸಿ ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಬೇಕು.

ಉತ್ತರದ ಗೋಡೆಗೆ ದೊಡ್ಡ ಕನ್ನಡಿ ಹಾಕಿಸಿ ಎಂದು ಯಾರಾದರೂ ಹೇಳಬಹುದು, ವಾಸ್ತುವಿನವರೂ ಉತ್ತರದ ಕನ್ನಡಿಗೆ ಅಡ್ಡಿ ಹೇಳುವುದಿಲ್ಲ. ಅದರಲ್ಲಿ ಬೀರುವಿನ ಪ್ರತಿಬಿಂಬ ಬಿದ್ದರೆ ಲಾಭವೇ. ಆದರೆ ಎದುರಿನ ಗೋಡೆಯಲ್ಲಿ ಟ್ಯೂಬ್‌ಲೈಟ್ ಇದ್ದರೆ ರಾತ್ರಿಯೆಲ್ಲ ಅದು ಕಣ್ಣಿಗೆ ಹೊಡೆಯುತ್ತದೆ. ನಾನು ಒಪ್ಪುವುದಿಲ್ಲ.

---

ಜಗುಲಿ_ಹರಿಹರ:

ತಂಗಿ, ಎಲ್ಲರೂ ತುಂಬಿಸುವುದನ್ನೇ ಹೇಳುತ್ತಿದ್ದಾರೆ, ನಾನು ಬೇರೆ ಮಾತು ಹೇಳುತ್ತೇನೆ. ಆ ಉತ್ತರ ಭಾಗದ ನೆಲವನ್ನು ಹಾಗೆಯೇ ಬಿಡಿ. ಗೌರಿ–ಗಣೇಶ ಕೂರಿಸುವುದಕ್ಕೆ, ಊರಿನಿಂದ ನೆಂಟರು ಬಂದಾಗ ಜಮಖಾನ ಹಾಸುವುದಕ್ಕೆ, ಮಕ್ಕಳು ಆಡುವುದಕ್ಕೆ ಮನೆಯಲ್ಲಿ ಒಂದಿಷ್ಟು ಬರಿನೆಲ ಬೇಕೇ ಬೇಕು. ಹಿಂದಿನ ತೊಟ್ಟಿಮನೆಯ ಅಂಕಣಗಳಲ್ಲಿ ಕುರ್ಚಿ ಮೇಜು ಎಲ್ಲಿದ್ದವು? ಕಂಬಗಳ ಸಾಲೂ ತೊಟ್ಟಿಯ ಬೆಳಕೂ ಇದ್ದವು, ಸಾಕಾಗಿತ್ತು.

ಗೋಡೆಗೆ ಏನು ಬೇಕಾದರೂ ಮಾಡಿ, ಆದರೆ ಜಾಗ ಖಾಲಿ ಕಂಡಿತೆಂದು ಗಾಜಿನ ಶೋಕೇಸ್ ತಂದು ಅದರಲ್ಲಿ ಮಕ್ಕಳ ಬಹುಮಾನದ ಕಪ್‌ಗಳನ್ನೂ ಪ್ಲಾಸ್ಟಿಕ್ ಹೂವುಗಳನ್ನೂ ಜೋಡಿಸಬೇಡಿ. ಸಣ್ಣ ಸಣ್ಣ ವಸ್ತು ನೂರಿದ್ದರೂ ಕಣ್ಣಿಗೆ ಭಾರ ಬರುವುದಿಲ್ಲ, ಗಜಿಬಿಜಿ ಮಾತ್ರ ಬರುತ್ತದೆ.

---

ಹೊಸಮನೆ_ದಾವಣಗೆರೆ:

ಎಲ್ಲರಿಗೂ ಕೃತಜ್ಞತೆಗಳು. ಕಪ್ಪು–ಬಿಳುಪಿನ ಫೋಟೋ ತೆಗೆದು ನೋಡಿದೆ; ಎಡಭಾಗ ಒಂದೇ ಕಪ್ಪು ಮುದ್ದೆಯಾಗಿ ಕಂಡಿತು. ಸೋಫಾ ಸರಿಸಿದ್ದಕ್ಕೆ ಮಾವನವರು ಏನೂ ಅನ್ನಲಿಲ್ಲ, ಬೀರುವಿನ ಬಾಗಿಲು ಈಗ ಪೂರ್ತಿ ತೆರೆಯುತ್ತದೆ ಎಂದು ಖುಷಿಪಟ್ಟರು.

ನೆಲದ ಮಾತು ಹೇಳಿದ ಅಕ್ಕನವರಿಗೆ ವಿಶೇಷ ವಂದನೆ. ಅದು ನಮ್ಮತ್ತೆಯವರ ಅಭಿಪ್ರಾಯವೂ ಹೌದು. ಹಾಗಾಗಿ ನೆಲದ ಮೇಲೆ ಮೂಲೆಯಲ್ಲಿ ಒಂದು ವಸ್ತುವಿಗಿಂತ ಹೆಚ್ಚು ಇಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ.

ಇನ್ನೆರಡು ಸಂದೇಹ. ಒಂದು, ಹಗಲಿನಲ್ಲಿ ಈ ಓರೆ ಅಷ್ಟಾಗಿ ತಿಳಿಯುವುದಿಲ್ಲ, ಸಂಜೆ ದೀಪ ಹಾಕಿದ ಮೇಲೆ ಬಹಳ ಎದ್ದು ಕಾಣುತ್ತದೆ. ಇದೇಕೆ? ಎರಡು, ದಕ್ಷಿಣದ ಗೋಡೆಯಲ್ಲಿ ಗತಿಸಿದ ಹಿರಿಯರ ಫೋಟೋಗಳಿವೆ. ಗಾತ್ರ, ಚೌಕಟ್ಟು, ಎತ್ತರ ಎಲ್ಲವೂ ಬೇರೆ ಬೇರೆ. ಅವುಗಳನ್ನು ಬೇರೆ ಗೋಡೆಗೆ ಸಾಗಿಸುವಂತಿಲ್ಲ.

---

ಗೆರೆಬಣ್ಣ (ಚಿತ್ರಕಲಾ ಶಿಕ್ಷಕ, ದಾವಣಗೆರೆ):

ಮೊದಲನೆಯ ಸಂದೇಹದಲ್ಲಿಯೇ ನಿಮ್ಮ ಸಮಸ್ಯೆಯ ಬಹುಪಾಲು ಉತ್ತರವಿದೆ. ಹಗಲಿನಲ್ಲಿ ನಿಮ್ಮ ಉತ್ತರದ ಕಿಟಕಿಯೇ ಕೋಣೆಯ ಅತಿ ಬೆಳಕಿನ ಜಾಗ. ಕಣ್ಣು ಬೆಳಕಿಗೆ ಹರಿಯುವುದರಿಂದ ಅದೊಂದೇ ಇಡೀ ಎಡಬದಿಗೆ ಸರಿತೂಗುತ್ತಿರುತ್ತದೆ. ಉತ್ತರದ ಬೆಳಕು ವರ್ಷದ ಹೆಚ್ಚು ಕಾಲ ನೇರ ಬಿಸಿಲಿಲ್ಲದ ಹದವಾದ ಬೆಳಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಆಗ ಸ್ವಲ್ಪ ಬಿಸಿಲು ಒಳಗೆ ಇಣುಕಬಹುದು. ರಾತ್ರಿಯಾದೊಡನೆ ಅದೇ ಕಿಟಕಿ ಕಪ್ಪು ಗಾಜಾಗಿ, ಆ ಬದಿಯಲ್ಲಿ ಕಣ್ಣಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಟ್ಯೂಬ್‌ಲೈಟ್ ಕೂಡ ದಕ್ಷಿಣದಲ್ಲಿಯೇ ಇದ್ದರೆ, ಭಾರವಿರುವ ಬದಿಗೇ ಬೆಳಕನ್ನೂ ಸುರಿದಂತಾಗುತ್ತದೆ.

ಆದ್ದರಿಂದ ಎಲ್ಲಕ್ಕಿಂತ ಮೊದಲು ವಾಯವ್ಯ ಮೂಲೆಗೆ ಒಂದು ನಿಲ್ಲುವ ದೀಪ ತನ್ನಿ. ಆ ಒಂದೇ ವಸ್ತು ಅದೇ ಆಗಲಿ. ಎತ್ತರ ಐದು ಅಡಿಯ ಆಸುಪಾಸು, ಬಟ್ಟೆಯ ಮುಸುಕು, 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಛಾಯೆಯ ಬಲ್ಬು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 6500 ಕೆಲ್ವಿನ್‌ನ ಬಿಳಿ ಬೆಳಕು ಎಲ್ಲವನ್ನೂ ಒಂದೇ ಸಮನೆ ಬೆಳಗಿ ಆಳವನ್ನು ಅಳಿಸುತ್ತದೆ. ಅದರೆದುರು ಹಳದಿ ಬೆಳಕಿನ ಒಂದು ವಲಯ ತಾನಾಗಿಯೇ ಕಣ್ಣನ್ನು ಕರೆಯುತ್ತದೆ. ಕಂಬಳಿಯನ್ನು ಅಲ್ಲಿಯೇ ತೂಗುಹಾಕಿದರೆ ಪಕ್ಕದಿಂದ ಬೀಳುವ ಬೆಳಕಿನಲ್ಲಿ ಅದರ ಒರಟು ನೇಯ್ಗೆಯೂ ಎದ್ದು ಕಾಣುತ್ತದೆ.

ಹಿರಿಯರ ಫೋಟೋಗಳು ದಕ್ಷಿಣದಲ್ಲಿಯೇ ಇರಲಿ. ಅವು ಈಗ ಚದುರಿರುವುದರಿಂದ ಪ್ರತಿಯೊಂದೂ ಬೇರೆ ಬೇರೆಯಾಗಿ ಕಣ್ಣನ್ನು ಎಳೆಯುತ್ತಿದೆ. ನಡುವೆ ಎರಡು–ಮೂರು ಇಂಚು ಮಾತ್ರ ಅಂತರ ಬಿಟ್ಟು, ಹೊರ ಅಂಚುಗಳೆಲ್ಲ ಸೇರಿ ಒಂದು ಚೌಕವಾಗುವಂತೆ ಕೂಡಿಸಿ. ಆಗ ಅವೆಲ್ಲ ಒಂದೇ ವಸ್ತುವಾಗುತ್ತವೆ. ಎಲ್ಲಕ್ಕೂ ಒಂದೇ ಬಣ್ಣದ ಚೌಕಟ್ಟು ಹಾಕಿಸಿದರೆ ಇನ್ನೂ ಒಳ್ಳೆಯದು. ಆ ಗುಂಪಿನ ನಡುಬಿಂದು ನೆಲದಿಂದ 57ರಿಂದ 60 ಇಂಚಿನಲ್ಲಿರಲಿ, ನಿಂತವರ ಕಣ್ಣಿನ ಮಟ್ಟ ಸರಿಸುಮಾರು ಅಷ್ಟೇ. ನಮ್ಮ ಮನೆಗಳಲ್ಲಿ ಗೌರವಕ್ಕೆಂದು ಫೋಟೋಗಳನ್ನು ಬಾಗಿಲಿನ ಮೇಲ್ಪಟ್ಟಿಗಿಂತಲೂ ಎತ್ತರಕ್ಕೆ ಹಾಕುವ ರೂಢಿಯಿದೆ. ಎತ್ತರ ಹೆಚ್ಚಿದಷ್ಟೂ ಭಾರ ತಲೆಯ ಮೇಲೆ ನಿಂತಂತೆ ಕಾಣುತ್ತದೆ, ಮುಖಗಳೂ ಸರಿಯಾಗಿ ಕಾಣುವುದಿಲ್ಲ. ಆದರೆ ಇದನ್ನು ಮಾವನವರನ್ನು ಕೇಳದೆ ಮಾಡಬೇಡಿ. ಅವರು ಒಪ್ಪದಿದ್ದರೆ ಎತ್ತರವನ್ನು ಹಾಗೆಯೇ ಬಿಟ್ಟು ಗುಂಪನ್ನಷ್ಟೇ ಮಾಡಿ. ಹೊಸ ಮೊಳೆ ಹೊಡೆಯುವ ಮೊದಲು ಪ್ರತಿ ಫೋಟೋದ ಅಳತೆಗೆ ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ ಗೋಡೆಗೆ ಅಂಟಿಸಿ, ಬಾಗಿಲಿನಿಂದಲೂ ಸೋಫಾದಿಂದಲೂ ನೋಡಿ.

ದೀಪ ಬಂದ ಮೇಲೆ ಕೆಲವು ಸಂಜೆ ಹಾಗೆಯೇ ಇದ್ದು, ಆಮೇಲೆ ಪರದೆಯ ಬಣ್ಣ ಆರಿಸಿ. ದೀಪವೇ ಅರ್ಧ ಕೆಲಸ ಮಾಡಿಬಿಟ್ಟರೆ ಪರದೆ ಅಷ್ಟೊಂದು ಗಾಢವಾಗಿರಬೇಕಾಗಿಲ್ಲ.

---

ತೇಗ_ಮತ್ತಿ (ಮರಗೆಲಸ ಮತ್ತು ಒಳಾಂಗಣ, ಚಿತ್ರದುರ್ಗ):

ರಾಡಿನ ವಿಷಯದಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಕಿಟಕಿಯ ತಲೆಯ ಮೇಲೆಯೇ, ಸಾಮಾನ್ಯವಾಗಿ 7 ಅಡಿ ಎತ್ತರದಲ್ಲಿ, ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟಿನ ಅಡ್ಡಪಟ್ಟಿ, ಅಂದರೆ ಲಿಂಟಲ್ ಇರುತ್ತದೆ. ಅಲ್ಲಿ ಸಾಧಾರಣ ಡ್ರಿಲ್ ಇಳಿಯುವುದಿಲ್ಲ, ಒಳಗಿನ ಕಬ್ಬಿಣಕ್ಕೆ ತಗುಲಿದರೆ ಡ್ರಿಲ್‌ನ ಮೊನೆಯೇ ಮುರಿಯುತ್ತದೆ. ಒಂಬತ್ತೂವರೆ ಅಡಿಗೆ ಹೋದರೆ ಅದು ಲಿಂಟಲ್‌ಗಿಂತ ಬಹಳ ಮೇಲಾಗುತ್ತದೆ. ಇಟ್ಟಿಗೆ ಗೋಡೆಯಾದರೆ ಪ್ಲಾಸ್ಟಿಕ್ ಪ್ಲಗ್ ಸಾಕು. ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಬರುವ, ಒಳಗೆ ಅರಳಿ ಹಿಡಿಯುವ ಆ್ಯಂಕರ್ ಕೇಳಿ ತನ್ನಿ, ಇಲ್ಲವಾದರೆ ದಪ್ಪ ಬಟ್ಟೆಯ ಭಾರಕ್ಕೆ ಬ್ರಾಕೆಟ್ ಕಿತ್ತು ಬರುತ್ತದೆ. ಆದರೆ ಚಾವಣಿಯ ಕೆಳಗೆ ತೊಲೆ ಹಾದುಹೋಗಿದ್ದರೆ ಅಲ್ಲಿಯೂ ಕಾಂಕ್ರೀಟೇ ಸಿಗುತ್ತದೆ. ಹ್ಯಾಮರ್ ಡ್ರಿಲ್ ಇರುವವರನ್ನೇ ಕರೆಸಿ. 6 ಅಡಿಯ ರಾಡಿಗೆ ಎರಡು ತುದಿಯ ಜೊತೆಗೆ ನಡುವೆಯೂ ಒಂದು ಬ್ರಾಕೆಟ್ ಹಾಕಿಸಿ, ಇಲ್ಲವಾದರೆ ರಾಡ್ ನಡುವಿನಲ್ಲಿ ಬಾಗುತ್ತದೆ.